ಹಿಂದಿನ ಸೀಟಿನ ತಂಪು

ಗುರು ಅಂದಕೂಡಲೇ ಕಾವಿ, ಕಮಂಡಲ ಹುಡುಕಬೇಡಿ. ಈ ಗುರುವಿನ ಹೆಸರು ಲಾಡ್ಲೇಸಾಬ. ಗಡ್ಡವೇನೋ ಬೆಳ್ಳಗಿತ್ತು, ಅದಕ್ಕೂ ಗ್ರೀಸು ಹತ್ತಿರುತ್ತಿತ್ತು.

ಭೀಮಾ ನದಿಯ ದಂಡೆಗೆ ಒಂದು ಬೇವಿನ ಮರ, ಅದರ ಕೆಳಗೆ ತಗಡಿನ ಶೆಡ್ಡು. ಕಾರಿನ ಎಸಿ ರಿಪೇರಿ ನಡೆಯುತ್ತಿದ್ದದ್ದು ಅಲ್ಲಿ. ಎಲ್ಲರೂ ಅವರನ್ನು ಉಸ್ತಾದ ಅನ್ನುತ್ತಿದ್ದರು.

ಶಿಷ್ಯ ಒಬ್ಬನೇ, ಅಂಬಾದಾಸ. ಮೂವತ್ತರ ಗಂಡಸು, ನಾಲ್ಕು ವರ್ಷದಿಂದ ಕಲಿಯುತ್ತಿದ್ದ. ಕೈ ಚುರುಕು, ಬಾಯಿ ಇನ್ನೂ ಚುರುಕು.

ಮೇ ತಿಂಗಳ ಒಂದು ಬೆಳಿಗ್ಗೆ ಉಸ್ತಾದರು ಕೆಲಸವಿದೆ ಎಂದು ಊರೊಳಗೆ ಹೋದರು. ಗ್ಯಾರೇಜು ಮೊದಲ ಸಲ ಅಂಬಾದಾಸನ ಕೈಗೆ ಬಂತು.

ಎಂಟು ಗಂಟೆಗೆ ಒಂದು ಕಾರು ಬಂತು. ಇಳಿದವಳು ಶಾಲೆಯ ಟೀಚರು ಮಹಾನಂದಾ, ತೋಳಿನಲ್ಲಿ ಬಟ್ಟೆ ಸುತ್ತಿದ ಕೂಸು. ಓಡಿಸಿಕೊಂಡು ಬಂದವನು ಅವಳ ಅಣ್ಣ ರೇವಣಸಿದ್ದ. ಕಾರು ಅವನದೇ, ಅವನ ತೊಗರಿ ಬೇಳೆಯ ದಾಲ್‌ಮಿಲ್ಲಿನ ಅಂಗಳದಲ್ಲಿ ನಿಲ್ಲುವಂಥದ್ದು.

"ಗಾಳಿ ಬರ್ತದ, ತಂಪು ಬರಂಗಿಲ್ಲ," ಅಂದಳು ಮಹಾನಂದಾ. "ಕೂಸು ತಿಂಗಳು ತುಂಬೋಕಿಂತ ಮೊದಲ ಹುಟ್ಟ್ಯಾದ. ಇವತ್ತ ಮೂರಕ್ಕ ಪಟ್ಟಣದಾಗ ಕಣ್ಣು ತೋರಸಬೇಕು, ತಪ್ಪಿದ್ರ ಕಣ್ಣು ಹೋಗಬಹುದು ಅಂತ ಡಾಕ್ಟರು ಅಂದಾರ. ಬಿಸಲಾಗ ಒಯ್ಯಬ್ಯಾಡ್ರಿ ಅಂತನೂ ಅವರೇ ಅಂದಾರ. ನಾ ಏನ್ ಮಾಡ್ಲಿ ಹೇಳು."

"ನಾ ಅದೀನಲ್ರೀ ಅಕ್ಕಾರ. ಚಿಂತಿ ಬಿಡ್ರಿ."

ಅಂಬಾದಾಸ ಬಾನೆಟ್ ಎತ್ತಿ ಬಗ್ಗಿ ನೋಡಿದ. ಎಸಿಯ ಕಾವನ್ನು ಹೊರಗೆ ಚೆಲ್ಲುವ ಮುಂದಿನ ಜಾಲರಿಯಲ್ಲಿ ತೊಗರಿ ಹೊಟ್ಟು, ಧೂಳು ಗಿಡಿದು ಕೂತಿದ್ದವು. ಒಂದು ಸೂಜಿ ತೂರುವಷ್ಟು ಜಾಗವಿರಲಿಲ್ಲ.

ತೊಳೆಯಬೇಕಾದರೆ ಬಂಪರ್ ಬಿಚ್ಚಬೇಕು. ಹೋದ ತಿಂಗಳು ಒಂದು ಬಂಪರ್ ಬಿಚ್ಚುವಾಗ ಅವನ ಕೈಯಲ್ಲಿ ಕೊಂಡಿ ಮುರಿದಿತ್ತು. ಗಾಡಿಯವನು ಹತ್ತು ಮಂದಿಯ ಎದುರು ಬಾಯಿಗೆ ಬಂದಂತೆ ಬೈದಿದ್ದ. ಅದು ನೆನಪಾಗಿ ಬಂಪರ್ ಮುಟ್ಟದೆ ಎದ್ದು ನಿಂತ.

ಉಸ್ತಾದರು ಬರಲಿ ಅನ್ನಬಹುದಿತ್ತು. ನನ್ನಿಂದಾಗದು ಅನ್ನಬಹುದಿತ್ತು. ನಾಲ್ಕು ವರ್ಷ ಕಲಿತವನು ಹಾಗಂದರೆ ಮರ್ಯಾದೆ ಏನು ಉಳಿದೀತು?

ಜಾಲರಿ ಬಿಟ್ಟು ಎಸಿಗೆ ಗ್ಯಾಸ್ ತುಂಬಿದ. ಇರಲಿ ಎಂದು ಸ್ವಲ್ಪ ಹೆಚ್ಚೇ ತುಂಬಿದ. ಮರದ ನೆರಳಲ್ಲಿ ಮುಂದಿನ ಸೀಟಿಗೆ ಕೂತು ಗಾಳಿಗೆ ಕೈ ಹಿಡಿದ. ಬೆರಳು ಮರಗಟ್ಟಿದವು.

"ಐಸ್ ಆಗ್ಯಾದ ನೋಡ್ರಿ," ಅಂದ.

ಮಹಾನಂದಾ ಕೈ ಮುಗಿದಳು. ಆ ಕೈ ಮುಗಿದದ್ದು ಅವನಿಗೆ ಸೇರಲಿಲ್ಲ.

ಉಸ್ತಾದರು ತಿರುಗಿ ಬಂದದ್ದು ಹನ್ನೆರಡೂವರೆಗೆ. ಅಂಬಾದಾಸ ನಡೆದದ್ದನ್ನು ಹೇಳಿದ. ಹೊಟ್ಟಿನ ಮಾತೊಂದನ್ನು ಬಿಟ್ಟು.

"ಎಲ್ಲಿ ಕುಂತು ನೋಡ್ದಿ?" ಕೇಳಿದರು ಉಸ್ತಾದರು.

"ಮುಂದರೀ."

"ಕೂಸು ಎಲ್ಲಿ ಕೂಡ್ತದ?"

"ಹಿಂದರೀ."

"ಎಷ್ಟು ಗಂಟೆಕ್ಕ ನೋಡ್ದಿ?"

"ಒಂಬತ್ತಕ್ಕ."

"ಅವರು ಹೊಂಟಿದ್ದು?"

"ಹನ್ನೆರಡಕ್ಕ ಹೊಂಡ್ತೀವಿ ಅಂದಿದ್ರರೀ."

ಆ ಗ್ಯಾರೇಜಿನ ಪದ್ಧತಿಯೇ ಅದಾಗಿತ್ತು. ಯಾರಿಗೆ ತಂಪು ಬೇಕೋ ಅವರ ಸೀಟಿನಲ್ಲಿ, ಅವರು ಹೋಗುವ ಬಿಸಿಲಿನಲ್ಲಿ, ಗಾಜು ಏರಿಸಿಕೊಂಡು ಕೂತು ನೋಡಬೇಕು. ಆಮೇಲೇ ಗಾಡಿ ಬಿಡುವುದು. ಅಂಬಾದಾಸ ಇದನ್ನು ನೂರು ಸಲ ಮಾಡಿದ್ದ, ಪ್ರತಿ ಸಲವೂ ಗೊಣಗುತ್ತ.

"ಜಾಲರಿ ಹ್ಯಾಂಗಿತ್ತು?"

ಅಂಬಾದಾಸ ನೆಲ ನೋಡಿದ.

"ಹೊಟ್ಟು ತುಂಬಿತ್ತರೀ. ನೋಡೀನ್ರೀ. ನೋಡಿ ಮುಚ್ಚಿಬಿಟ್ಟೆ."

ಉಸ್ತಾದರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಗ್ಯಾಸ್ ಅಳೆಯುವ ಗೇಜು, ನಟ್ಟು ಬಿಚ್ಚುವ ಪಾನಾ ಚೀಲಕ್ಕೆ ಹಾಕಿಕೊಂಡು ತಮ್ಮ ಹಳೇ ಕಾರಿನ ಬಾಗಿಲು ತೆರೆದರು. ಅದಕ್ಕೆ ಎಸಿಯೇ ಇರಲಿಲ್ಲ. ಊರವರ ಗಾಡಿ ತಂಪು ಮಾಡುವವನ ಗಾಡಿ ಹಾಗೇ ಇರುತ್ತದೆ, ಬಿಡಿ.

"ಹಿಂದ ಕುಂದ್ರು. ಗಾಜು ಏರಸು."

ಕಾರು ಪಟ್ಟಣದ ಡಾಂಬರು ರಸ್ತೆ ಹಿಡಿಯಿತು. ಸೀಟು ಕಾದ ಹಂಚಿನ ಹಾಗೆ ಸುಡುತ್ತಿತ್ತು. ಅಂಬಾದಾಸ ಮಹಾನಂದಾಳಿಗೆ ಫೋನು ಹಚ್ಚಿದ. ಹತ್ತಲಿಲ್ಲ. ಮತ್ತೆ ಹಚ್ಚಿದ. ಹತ್ತಲಿಲ್ಲ.

ಐದು ನಿಮಿಷಕ್ಕೆ ಬೆನ್ನು ತೊಯ್ದು ಅಂಗಿ ಅಂಟಿತು. ಹತ್ತು ನಿಮಿಷಕ್ಕೆ ಉಸಿರು ಸಾಲದಾಯಿತು.

"ಉಸ್ತಾದ, ಗಾಜು ಇಳಸ್ತೀನ್ರೀ."

"ಕೂಸಿಗೆ ಇಳಸ್ಲಾಕ ಬರ್ತದೇನು?"

ಅಂಬಾದಾಸ ಕೈ ಹಿಂದೆ ತೆಗೆದ. ಆಗ ಅವನಿಗೆ ಖರೇ ಅಂಜಿಕೆ ಬಂತು. ದೇವರೇ, ಅವರು ಪಟ್ಟಣ ಮುಟ್ಟಿರಲಿ. ದೇವರೇ, ಎಸಿ ನಿಂತಿರದಿರಲಿ. ಎದುರು ಬಂದ ಒಂದೊಂದು ಗಾಡಿಯನ್ನೂ ಅವನು ಅಂಜಿ ಅಂಜಿ ನೋಡಿದ.

ಇಪ್ಪತ್ತನೇ ಮೈಲಿನ ಹತ್ತಿರ ಆ ಕಾರು ನಿಂತಿತ್ತು. ಬಾನೆಟ್ ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ.

ಅಂಬಾದಾಸ ಸೀಟು ಬಿಟ್ಟು ಏಳಲಿಲ್ಲ.

"ಇಳಿ," ಅಂದರು ಉಸ್ತಾದರು.

ಪಕ್ಕದ ಹೊಲದಲ್ಲಿ ಒಂದು ಪಂಪ್‌ಸೆಟ್ ಕೋಣೆ. ಅದರ ಬಾಗಿಲಲ್ಲಿ ರೇವಣಸಿದ್ದ ತಲೆ ಹಿಡಿದು ಕೂತಿದ್ದ.

"ಅರ್ಧ ದಾರಿಗೆ ಎಸಿ ಬಂದ್ ಆತು. ಗಾಜು ಇಳಸಿದ್ರ ಬೆಂಕಿ ಗಾಳಿ. ನಿಂದ್ರಿಸಿ ಕೈ ತೋರಸ್ಲತ್ತೀನಿ, ಒಂದು ಗಾಡಿನೂ ನಿಂದ್ರವಲ್ದು," ಅಂದ.

ಒಳಗೆ ಮಹಾನಂದಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಅದರ ಮುಖ ಕೆಂಪಗಿತ್ತು. ಅಳುತ್ತಿರಲಿಲ್ಲ.

ಉಸ್ತಾದರು ಕೂಸಿನ ಪಾದ ಮುಟ್ಟಿ ನೋಡಿದರು. "ತಾಯೀ, ಬಟ್ಟಿ ಬಿಚ್ಚು. ಸೆರಗು ತೋಯಿಸಿ ಮೈ ಒರಸು. ಹಾಲು ಕೊಡು. ನಾವು ಹೊರಗ ಅದೀವಿ."

ಬಾಗಿಲ ಹೊರಗೆ ಮೂವರು ಗಂಡಸರು ಬೆನ್ನು ತಿರುಗಿಸಿ ನಿಂತರು. ಅಷ್ಟು ದೊಡ್ಡ ಹೊತ್ತನ್ನು ಅಂಬಾದಾಸ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಆಮೇಲೆ ಕೂಸು ಅತ್ತಿತು. ಸಣ್ಣ ದನಿ, ಹಠದ ದನಿ. ಅಂಬಾದಾಸನೂ ಅತ್ತುಬಿಟ್ಟ, ತೋಳಿನಲ್ಲಿ ಮುಖ ಮುಚ್ಚಿಕೊಂಡು.

"ಅಳೋದು ಆಮ್ಯಾಲ," ಅನ್ನುತ್ತ ಉಸ್ತಾದರು ಪಾನಾ ಅವನ ಕೈಗಿಟ್ಟರು. "ಬಂಪರ್ ಬಿಚ್ಚು."

ಬಿಚ್ಚಿದ. ಕೈ ನಡುಗಿ ಎರಡು ಕೊಂಡಿ ಮುರಿದವು. ಯಾರೂ ಬೈಯಲಿಲ್ಲ, ಆಮೇಲೆ ಬಂಪರ್ ಬಿಗಿದು ಕಟ್ಟಲು ಉಸ್ತಾದರು ತಂತಿ ಕೊಟ್ಟರು. ಪಂಪಿನ ನೀರು ತಂದು ಒಳಗಿನಿಂದ ಹೊರಕ್ಕೆ, ಮೆಲ್ಲಗೆ ಸುರಿದರು. ಜಾಲರಿಯಿಂದ ಬೇಳೆ ಕಟ್ಟಿನ ಹಾಗೆ ಹಳದಿ ನೀರು ಇಳಿಯಿತು. ತಿಳಿಯಾಗುವವರೆಗೂ ಸುರಿದರು. ಹೆಚ್ಚಿಗೆ ತುಂಬಿದ ಗ್ಯಾಸನ್ನು ಗೇಜು ನೋಡಿ ಇಳಿಸಿದರು. ಹೊರಗಿನ ಗಾಳಿ ಒಳಬರದಂತೆ ಗುಂಡಿ ಒತ್ತಿದರು.

"ಹೋಗು. ಕುಂದ್ರು."

ಅಂಬಾದಾಸ ಬಿಸಿಲಲ್ಲೇ ನಿಂತ ಕಾರಿನ ಹಿಂದಿನ ಸೀಟಿನಲ್ಲಿ ಗಾಜು ಏರಿಸಿ ಕೂತ. ಹತ್ತು ನಿಮಿಷ ಕೂತ. ತಂಪು ಹಿಂದಿನವರೆಗೂ ಬಂತು, ಬಂದು ಉಳಿಯಿತು.

ಹೊರಗೆ ಮಹಾನಂದಾ ಕೂಸು ಎತ್ತಿಕೊಂಡು ಬಂದಿದ್ದಳು. ಅಂಬಾದಾಸ ಇಳಿದು ಅವಳ ಮುಂದೆ ನಿಂತ.

"ಅಕ್ಕಾರ, ತಪ್ಪು ನಂದರೀ. ಮುಂಜಾನಿ ಹೊಟ್ಟು ಕಂಡಿತ್ತು. ಕಂಡರೂ ಬಿಟ್ಟೆ."

ಅವಳು ಅವನನ್ನೇ ನೋಡಿದಳು.

"ನನ್ನಿಂದ ಆಗಂಗಿಲ್ಲ ಅಂದಿದ್ರ ನಾ ಬ್ಯಾರೆ ಗಾಡಿ ನೋಡ್ತಿದ್ದೆ. ಅಷ್ಟು ಹೇಳ್ಲಾಕ ನಿನಗೇನಾಗಿತ್ತು?"

ಅವನು ಕಾರಿನ ಬಾಗಿಲು ತೆರೆದು ಹಿಡಿದ.

"ಸರಿ, ಈಗ ಬೈಲಾಕ ನನಗ ಹೊತ್ತಿಲ್ಲ," ಅಂದು ಅವಳು ಕಾರು ಹತ್ತಿದಳು.

"ಅವರ ಜೋಡಿ ಹೋಗು," ಅಂದರು ಉಸ್ತಾದರು.

ಅಂಬಾದಾಸ ರೇವಣಸಿದ್ದನ ಪಕ್ಕ ಕೂತು ಪಟ್ಟಣದವರೆಗೆ ಹೋದ. ದಾರಿಯುದ್ದಕ್ಕೂ ಅವನ ಕಿವಿ ಇಂಜಿನ್ನಿನ ಕಡೆಗೇ ಇತ್ತು. ಎಸಿ ಒಂದು ಕ್ಷಣ ಸದ್ದು ತಗ್ಗಿಸಿದರೆ ಮೈ ಬೆವರುತ್ತಿತ್ತು, ಆ ತಂಪಿನಲ್ಲೂ. ನಿಮಿಷಕ್ಕೊಮ್ಮೆ ತಿರುಗಿ ಕೂಸನ್ನು ನೋಡುತ್ತಿದ್ದ.

ಮೂರಕ್ಕೆ ಐದು ನಿಮಿಷ ಇರುವಾಗ ದವಾಖಾನೆ ಮುಟ್ಟಿದರು.

ಸಂಜೆ ಬಸ್ಸು ಹಿಡಿದು ಅವನು ತಿರುಗಿ ಬಂದಾಗ ಉಸ್ತಾದರು ಹೊಳೆಯಲ್ಲಿ ಕೈ ತೊಳೆಯುತ್ತಿದ್ದರು.

"ಕೂಸಿನ ಕಣ್ಣು?"

"ಚೊಲೋ ಅವಂತ್ರೀ. ಮೈಯೂ ನೋಡಿದ್ರು, ಏನೂ ಆಗಿಲ್ಲಂತ. ಮುಂದಿನ ವಾರ ಮತ್ತ ತೋರಸ್ರಿ ಅಂದಾರ."

ಉಸ್ತಾದರು ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟರು.

"ಉಸ್ತಾದ, ನಾಳಿಂದ ನಾ ಬರಂಗಿಲ್ರೀ."

"ಯಾಕೋ?"

"ಅಂಜಿಕಿ ಹೊಕ್ಕಾದ್ರೀ. ಇನ್ನಾ ಕೈ ನಡಗಲತ್ತಾವ ನೋಡ್ರಿ."

"ಮುಂಜಾನಿ ಅಂಜಿಕಿ ಇರಲಿಲ್ಲೇನು?"

"ಇತ್ತರೀ. ಮಂದಿ ಬೈತಾರ ಅಂತ ಇತ್ತು."

"ಈಗಿಂದು?"

"ಕೂಸಿಂದರೀ."

ಉಸ್ತಾದರು ತಮ್ಮ ಎರಡೂ ಕೈ ಅವನ ಮುಂದೆ ಚಾಚಿದರು. ನೀರು ತೊಟ್ಟಿಕ್ಕುತ್ತಿತ್ತು. ಕೈಗಳು ನಡುಗುತ್ತಿದ್ದವು.

ಅಂಬಾದಾಸ ಅವರ ಮುಖ ನೋಡಿದ.

"ನಿಮಗೂ ಈ ಅಂಜಿಕಿ ಅದೇನ್ರೀ? ಎಷ್ಟು ವರ್ಷ ಆತು?"

"ನಲವತ್ತು," ಅಂದರು ಉಸ್ತಾದರು. "ಇದು ಬಿಟ್ಟುಹೋದ ದಿವಸ ನಾ ಗ್ಯಾರೇಜಿಗೆ ಬೀಗ ಹಾಕ್ತೀನಿ."