ಸಮುದ್ರಕ್ಕೆ ಅಪ್ಪಣೆ ಕೊಟ್ಟ ಕಾಡುಬೆಕ್ಕು

ಒಂದು ಕಾಡಿನಲ್ಲಿ ದುಗ್ಗಪ್ಪ ಎಂಬ ಕಾಡುಬೆಕ್ಕು ಇದ್ದ. ಅವನಿಗೆ ಮೀನೆಂದರೆ ಪ್ರಾಣ, ನೀರೆಂದರೆ ಜ್ವರ. ಹಾಗಾಗಿ ನೀಲಕ್ಕ ಎಂಬ ನೀರುನಾಯಿ ಹೊಳೆಯಲ್ಲಿ ಹಿಡಿದ ಮೀನನ್ನು ಏನಾದರೊಂದು ಕತೆ ಕಟ್ಟಿ ಲಪಟಾಯಿಸುವುದೇ ಅವನ ಕಸುಬಾಗಿತ್ತು.

ಆ ಬೇಸಿಗೆಯಲ್ಲಿ ಹೊಳೆ ಸೊರಗಿತು. ಮೀನೇ ಉಳಿಯಲಿಲ್ಲ. ನೀಲಕ್ಕನ ಎರಡು ಮರಿಗಳು ಹಸಿವಿನಿಂದ ಕುಂಯ್‌ಗುಟ್ಟಿದವು. ದುಗ್ಗಪ್ಪನ ಹೊಟ್ಟೆಯೂ ಬೆನ್ನಿಗೆ ಅಂಟಿತು.

“ಸಮುದ್ರಕ್ಕೆ ಹೋಗೋಣ,” ಎಂದ ಅವನು. “ಅಲ್ಲಿಯ ಮೂಲೆ ಮೂಲೆ ನನಗೆ ಗೊತ್ತು. ನನ್ನ ಸೋದರಮಾವನ ಮನೆ ಇರೋದೇ ಸಮುದ್ರದ ಪಕ್ಕ.”

ಹಿಂದಿನ ಮಳೆಗಾಲದ ನೆರೆಯಲ್ಲಿ ತೇಲಿ ಬಂದ ದೋಣಿಯೊಂದು ಬಿದಿರುಮೆಳೆಯಲ್ಲಿ ಸಿಕ್ಕಿಕೊಂಡಿತ್ತು. ಅದರಲ್ಲೊಂದು ಬಲೆಯೂ ಹಗ್ಗವೂ ಇದ್ದವು. ನೀಲಕ್ಕ ಮರಿಗಳನ್ನು ಬಿಲದಲ್ಲಿ ಬಿಟ್ಟು ಹೊರಟಳು. ಹುಟ್ಟು ಹಾಕಲು ಬೋಳಣ್ಣ ಎಂಬ ಕರಡಿ ಒಪ್ಪಿದ. ಬೋಳಣ್ಣ ಒಳ್ಳೆಯವನು. ಯಾರು ಏನು ಹೇಳಿದರೂ ನಂಬುವಷ್ಟು ಒಳ್ಳೆಯವನು.

ದುಗ್ಗಪ್ಪ ದೋಣಿಯ ಮೂತಿಯಲ್ಲಿ ಕುಳಿತು ಮೀಸೆ ತೀಡಿದ. “ಇವತ್ತಿಂದ ನಾನು ತಾಂಡೇಲ. ಅಂದ್ರೆ ದೋಣಿಯ ಯಜಮಾನ. ನನ್ನ ಮಾತೇ ಕೊನೆ ಮಾತು. ಸಿಕ್ಕಿದ್ದರಲ್ಲಿ ದೊಡ್ಡ ಮೀನೆಲ್ಲ ನಂದು.”

ಹೊಳೆಯಗುಂಟ ಸಾಗಿ ಮರುದಿನ ಬೆಳಿಗ್ಗೆ ಸಮುದ್ರ ಸೇರಿದರು. ಅಷ್ಟು ನೀರು ಒಂದೇ ಕಡೆ ಇರುವುದನ್ನು ಕಂಡು ದುಗ್ಗಪ್ಪ ಮೂತಿಯಿಂದ ದೋಣಿಯ ನಡುವಿಗೆ ಸರಿದ. ಆದರೂ ಮುಖ ಮಾತ್ರ ಬಿಗಿದುಕೊಂಡೇ ಇದ್ದ.

ಬೋಳಣ್ಣ ಒಂದು ಬೊಗಸೆ ನೀರು ಕುಡಿದು ಥೂ ಎಂದು ಉಗಿದ. “ಇದಕ್ಕೆ ಇಷ್ಟೊಂದು ಉಪ್ಪು ಹಾಕಿದ್ಯಾರು?”

“ನಾನೇ ಹೇಳಿ ಹಾಕಿಸಿದ್ದು,” ಎಂದ ದುಗ್ಗಪ್ಪ. “ಮೀನು ಕೆಡಬಾರದಲ್ಲ!”

ಒಂದು ಕರಿಬಂಡೆಯ ಹತ್ತಿರ ಬಲೆ ಬೀಸಿದರು. ಪಾಚಿ ಬಂತು. ಇನ್ನೊಮ್ಮೆ ಬೀಸಿದರು. ಇನ್ನಷ್ಟು ಪಾಚಿ ಬಂತು.

ನೀಲಕ್ಕ ನೀರನ್ನೇ ನೋಡುತ್ತಿದ್ದಳು. “ತಾಂಡೇಲರೇ, ನೀರು ಇಳೀತಾ ಇದೆ. ಇಲ್ಲಿಯವರು ಯಾರನ್ನಾದ್ರೂ ಕೇಳೋಣ.”

“ಸಿಹಿನೀರಿನವಳು ಸುಮ್ಮನಿರು. ಉಪ್ಪುನೀರಿನ ಲೆಕ್ಕವೇ ಬೇರೆ.”

ಅಷ್ಟರಲ್ಲಿ ದೋಣಿ ಕರ್ರೆಂದು ಒರಗಿ ನಿಂತಿತು. ಸುತ್ತ ಬರೀ ಮರಳು. ಸಮುದ್ರ ದೂರದಲ್ಲೆಲ್ಲೋ ಬೆಳ್ಳನೆ ಗೆರೆಯಾಗಿತ್ತು.

“ಅಯ್ಯೋ, ಸಮುದ್ರ ಎಲ್ಲಿ ಹೋಯ್ತು?” ಎಂದು ಬೋಳಣ್ಣ ದೋಣಿಯ ಅಡಿಯಲ್ಲಿ ಹುಡುಕಿದ.

ದುಗ್ಗಪ್ಪ ದೋಣಿಯ ಅಂಚನ್ನು ಅವಚಿ ಹಿಡಿದ. ಆದರೆ ಮರಳಿನ ತಗ್ಗುಗಳಲ್ಲಿ ಮೀನುಗಳು ಪಟಪಟನೆ ಬಡಿದುಕೊಳ್ಳುವುದು ಕಂಡದ್ದೇ ತಡ, ಧೈರ್ಯ ಬಂತು. “ನಾನೇ ಕಳಿಸಿದೆ. ಮೈ ನೆನೆಸಿಕೊಂಡು ಮೀನು ಹಿಡಿಯೋದು ಯಾಕೆ? ನಾನು ಕರೆದಾಗ ಬಾ ಅಂತ ಹೇಳಿದ್ದೀನಿ.”

ಬೋಳಣ್ಣ ಅಡ್ಡಬಿದ್ದ. “ದೊಡ್ಡವರು ನೀವು!”

ನೀಲಕ್ಕನೂ ಬೋಳಣ್ಣನೂ ಮೀನು ಆಯ್ದರು. ದೊಡ್ಡವನ್ನೆಲ್ಲ ದೋಣಿಯಲ್ಲಿ ರಾಶಿ ಹಾಕಿದರು. ಸಣ್ಣಪುಟ್ಟವನ್ನು ಬಲೆಯಲ್ಲಿ ಗಂಟು ಕಟ್ಟಿ ಬೋಳಣ್ಣ ಕೊರಳಿಗೆ ಹಾಕಿಕೊಂಡ.

“ಮರಿಗಳಿಗೆ ಒಂದೇ ಒಂದು ದೊಡ್ಡ ಮೀನು ಕೊಡಿ,” ಎಂದು ಬೇಡಿದಳು ನೀಲಕ್ಕ.

“ಬೇಡಮ್ಮ, ಮಕ್ಕಳಿಗೆ ದೊಡ್ಡ ಮೀನು ಕೊಟ್ರೆ ಕೆಮ್ಮು ಬರುತ್ತೆ,” ಎಂದ ದುಗ್ಗಪ್ಪ. ತನ್ನ ರಾಶಿಯನ್ನು ಯಾರೂ ಒಯ್ಯಬಾರದೆಂದು ದೋಣಿಯ ಮೂತಿಯನ್ನು ಬಂಡೆಯ ಬುಡಕ್ಕೆ ಏಳು ಗಂಟು ಹಾಕಿ ಬಿಗಿದ.

ಆಗ ಒಂದು ಮುದಿ ಏಡಿ ಓರೆಯಾಗಿ ಓಡಿ ಬಂದಿತು. “ಇನ್ನೂ ಇಲ್ಲೇ ಇದ್ದೀರಾ? ಬರ್ತಾ ಇದೆ, ಹೊರಡಿ!”

“ಯಾರು?”

“ಸಮುದ್ರ.”

“ನಾನು ಕರೆದೇ ಇಲ್ಲವಲ್ಲ,” ಎಂದ ದುಗ್ಗಪ್ಪ.

“ನಾನೂ ಕರೆದಿಲ್ಲ. ಆದ್ರೂ ದಿನಕ್ಕೆ ಎರಡು ಸಲ ಬರುತ್ತೆ,” ಎಂದು ಏಡಿ ಬಂಡೆ ಹತ್ತಿತು.

“ಹಗ್ಗ ಬಿಚ್ಚೋಣ,” ಎಂದಳು ನೀಲಕ್ಕ.

“ಬಿಚ್ಚೋದ್ಯಾಕೆ?” ಎಂದ ಬೋಳಣ್ಣ. “ತಾಂಡೇಲರು ನಿಲ್ಲು ಅಂದ್ರೆ ನಿಲ್ಲುತ್ತೆ.” ಅವನು ಮರಳಿನ ಮೇಲೆ ನೆಮ್ಮದಿಯಾಗಿ ಚಕ್ಕಳಮಕ್ಕಳ ಹಾಕಿ ಕುಳಿತ.

ಓಡಿದರೆ ಗುಟ್ಟು ರಟ್ಟಾಗುತ್ತದೆ. ದುಗ್ಗಪ್ಪ ಪಂಜ ಎತ್ತಿ, “ನಿಲ್ಲು!” ಎಂದ. ಅಲೆ ಬಂದು ಅವನ ಪಾದ ತೋಯಿಸಿತು.

“ನಿಲ್ಲಲಿಲ್ಲವಲ್ಲ?” ಎಂದ ಬೋಳಣ್ಣ.

“ಕಾಲು ತೊಳೆಯೋಕೆ ಬಂದಿದೆ.”

ನೀರು ಅವನ ಹೊಟ್ಟೆಮಟ್ಟಕ್ಕೆ ಬಂತು. “ಈಗ?”

“ಸ್ನಾನ ಮಾಡಿಸ್ತಾ ಇದೆ.”

“ಸ್ವಲ್ಪ ಜೋರಾಗಿ ಹೇಳಿ ತಾಂಡೇಲರೇ, ಪಾಪ, ಅದರ ಕಿವಿ ಎಷ್ಟು ದೂರದಲ್ಲಿದೆಯೋ!”

ನೀರು ದುಗ್ಗಪ್ಪನ ಕೊರಳಮಟ್ಟಕ್ಕೆ ಬಂತು. ಹಿಂದೆ ದೋಣಿಯ ಬಾಲ ಮೇಲೆದ್ದಿತು. ಗಂಟು ಹಾಕಿದ ಮೂತಿ ಏಳಲಾರದೆ ನೀರೊಳಗೆ ಬಗ್ಗಿತು. ದೊಡ್ಡ ಮೀನುಗಳು ಒಂದೊಂದಾಗಿ ಜಾರಿ, ಬಾಲ ಬೀಸಿಕೊಂಡು ಹೊರಟವು.

“ಕಾಪಾಡಿ!” ಎಂದು ಕಿರುಚಿದ ದುಗ್ಗಪ್ಪ. “ಎಲ್ಲ ಸುಳ್ಳು! ನಾನು ಸಮುದ್ರವನ್ನೇ ನೋಡಿರಲಿಲ್ಲ! ನನ್ನ ಮಾವನ ಮನೆ ಇರೋದು ಹಾಲಿನ ಡೈರಿಯ ಹಿಂದೆ!”

ಬೋಳಣ್ಣ ಗಾಬರಿಯಿಂದ ಎದ್ದು ಅವನ ಕುತ್ತಿಗೆ ಹಿಡಿದೆತ್ತಿದ. ನೀಲಕ್ಕ ಮುಳುಗಿ ಏಳು ಗಂಟಿನ ಹಗ್ಗವನ್ನು ಹಲ್ಲಿನಿಂದ ಕಡಿದಳು. ದೋಣಿ ಪುಟಿದೆದ್ದಿತು. ಮೂವರೂ ಹೇಗೋ ಹತ್ತಿದರು.

ನೀಲಕ್ಕ ಬಂಡೆಯ ತುದಿಯಲ್ಲಿದ್ದ ಏಡಿಗೆ ಕೈಮುಗಿದಳು. “ಅಜ್ಜಾ, ಈ ಊರು ನಮಗೆ ಹೊಸತು. ಯಾವ ಕಡೆ ಹೋಗಲಿ?”

“ನೀರು ಈಗ ಹೊಳೆಯೊಳಗೇ ನುಗ್ಗುತ್ತೆ ಮಗಳೇ. ಅದರ ಜೊತೆಗೇ ಹೋಗು, ಹುಟ್ಟು ಕೂಡ ಬೇಡ.”

ಹಾಗೇ ಆಯಿತು. ಉಬ್ಬರದ ನೀರು ದೋಣಿಯನ್ನು ಹೊಳೆಯೊಳಕ್ಕೆ ಬಹುದೂರ ತಂದು ಬಿಟ್ಟಿತು. ಅಲ್ಲಿಂದ ಬೋಳಣ್ಣ ಹುಟ್ಟು ಹಾಕಿದ. ದುಗ್ಗಪ್ಪ ತೆಂಗಿನ ಚಿಪ್ಪಿನಿಂದ ದೋಣಿಯೊಳಗಿನ ನೀರು ಎತ್ತಿ ಚೆಲ್ಲುತ್ತಾ ಕುಳಿತ. ಯಾರೂ ಅವನನ್ನು ತಾಂಡೇಲರೇ ಎನ್ನಲಿಲ್ಲ.

ಕಾಡು ಸೇರಿದ ಮೇಲೆ ಬೋಳಣ್ಣನ ಕೊರಳಿನ ಗಂಟಿನಲ್ಲಿದ್ದ ಸಣ್ಣ ಮೀನುಗಳನ್ನು ಮರಿಗಳು ಹೊಟ್ಟೆ ತುಂಬ ತಿಂದವು. ದುಗ್ಗಪ್ಪನ ದೊಡ್ಡ ಮೀನುಗಳೆಲ್ಲ ಸಮುದ್ರದಲ್ಲಿ ಸುಖವಾಗಿದ್ದವು.

“ಅಮ್ಮಾ, ಸಮುದ್ರ ಯಾಕೆ ಹೋಗುತ್ತೆ, ಯಾಕೆ ಬರುತ್ತೆ?” ಎಂದಿತು ಚಿಕ್ಕ ಮರಿ.

ದುಗ್ಗಪ್ಪ ಬಾಯಿ ತೆರೆದ. ಎಲ್ಲರೂ ತಿರುಗಿ ಅವನನ್ನೇ ನೋಡಿದರು. ಅವನು ಬಾಯಿ ಮುಚ್ಚಿಕೊಂಡ.

“ನನಗೆ ಗೊತ್ತಿಲ್ಲ ಮಗು,” ಎಂದಳು ನೀಲಕ್ಕ. “ಮುಂದಿನ ಸಲ ಹೋದಾಗ ಕೇಳಿಕೊಂಡು ಬರ್ತೀನಿ.”

ನೀತಿ: ಗೊತ್ತಿಲ್ಲದ ಜಾಗದಲ್ಲಿ ಗೊತ್ತಿಲ್ಲವೆಂದು ಒಪ್ಪಿಕೊಂಡು ಅಲ್ಲಿಯವರನ್ನು ಕೇಳಬೇಕು, ಎಲ್ಲ ಬಲ್ಲೆನೆಂದು ಸುಳ್ಳು ಹೇಳುವವನು ತಾನೂ ಮುಳುಗಿ, ನಂಬಿದವರನ್ನೂ ಮುಳುಗಿಸುತ್ತಾನೆ.