ಸಡಿಲಿಸಿದ ತಂತಿ

ಕಪಿಲೆ ಮೆಲ್ಲಗೆ ಹರಿಯುವ ಒಂದು ತಿರುವಿನಲ್ಲಿ ಮೃತ್ಯುಂಜಯಯ್ಯನವರ ಆಶ್ರಮ. ಬೆಳಿಗ್ಗೆ ಲೆಕ್ಕ, ಸಂಜೆ ಭಜನೆ. ಎರಡೂ ಪೂಜೆಯೇ ಎಂದು ಅಲ್ಲಿಯವರ ನಂಬಿಕೆ.

ಗುರುಗಳು ಭೌತವಿಜ್ಞಾನಿ. ವಸ್ತು ವಸ್ತುವನ್ನು ಸೆಳೆಯುವುದು ಹೇಗೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ತಲೆ ನರೆಸಿಕೊಂಡವರು.

ಮಾವಿನಹಣ್ಣು ನೆಲಕ್ಕೆ ಬೀಳುವುದೂ ಚಂದ್ರ ಭೂಮಿಯನ್ನು ಸುತ್ತುವುದೂ ಒಂದೇ ಸೆಳೆತದಿಂದ. ಅದರ ಲೆಕ್ಕ ಹಳೆಯದು. ಆದರೆ ಬೆಳಕಿಗೆ ಕಣಗಳಿರುವಂತೆ ಈ ಸೆಳೆತಕ್ಕೂ ಕಣಗಳಿದ್ದರೆ, ಅವು ವಸ್ತುಗಳ ನಡುವೆ ಓಡಾಡುವಾಗ ಹಳೆಯ ಲೆಕ್ಕಕ್ಕೆ ಒಂದು ಸಣ್ಣ ತಿದ್ದುಪಡಿ ಬೇಕಾಗುತ್ತದೆ. ಯಾವ ತಕ್ಕಡಿಗೂ ಸಿಗದಷ್ಟು ಸಣ್ಣದು. ಅದರಿಂದ ಸೆಳೆತ ಕಡಿಮೆಯಾಗುತ್ತದೋ, ಹೆಚ್ಚಾಗುತ್ತದೋ?

ಕಡಿಮೆಯಾಗುತ್ತದೆ ಎಂದು ಗುರುಗಳು ಹರೆಯದಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಹಳೆಯ ಶಿಷ್ಯರು ಆ ಸೂತ್ರವನ್ನು ಕಪ್ಪು ಕಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿ, ಭಜನೆಯ ಪಡಸಾಲೆಯಲ್ಲಿ ನಿಲ್ಲಿಸಿದ್ದರು. ನಡುವೆ ಎದ್ದು ಕಾಣುವ ಒಂದು ಕಳೆಯುವ ಗುರುತು. ದಿನವೂ ಅದರ ಮುಂದೆ ದೀಪ.

ಶಿಷ್ಯೆ ದಾಕ್ಷಾಯಿಣಿಗೆ ಗುರುಗಳು ಕೊಟ್ಟಿದ್ದ ಕೆಲಸ, ಅದೇ ಲೆಕ್ಕವನ್ನು ಹೊಸ ದಾರಿಯಲ್ಲಿ ಮೊದಲಿನಿಂದ ಹಾಕುವುದು. ಆ ವಾರದ ಕೊನೆಗೆ ಅವಳು ಅದನ್ನು ಮೈಸೂರಿನಲ್ಲಿ ವಿದ್ವಾಂಸರ ಸಭೆಯ ಮುಂದೆ ಓದಬೇಕು.

ಒಂದು ಮಧ್ಯಾಹ್ನ ಅವಳು ಹಣ್ಣಿನ ತಟ್ಟೆ ಹಿಡಿದು ಬಂದಳು.

“ಮುಗೀತು ಗುರುಗಳೇ. ನಿಮ್ಮ ಉತ್ತರವೇ ಬಂತು.”

“ಸಂತೋಷ ತಾಯಿ. ಮೊದಲನೇ ಸಲಕ್ಕೇ ಬಂತೇ?”

“ಇಲ್ಲ. ಮೊದಲು ಕೂಡುವ ಗುರುತು ಬಂದಿತ್ತು. ಎಲ್ಲೋ ತಪ್ಪಿರಬೇಕು ಅಂತ ಅನ್ನ ನೀರು ಬಿಟ್ಟು ಹುಡುಕಿದೆ.”

“ಅನ್ನ ಬಿಟ್ಟಿಲ್ಲ ಗುರುಗಳೇ,” ಎಂದ ಒಲೆಯ ಮುಂದಿನಿಂದ ಕಲ್ಲೇಶಿ. ಅವನೂ ಶಿಷ್ಯನೇ, ಆ ವಾರ ಅಡುಗೆಯ ಸರದಿ ಅವನದು. “ಬಡಿಸಿದೋನು ನಾನು.”

ಗುರುಗಳು ನಕ್ಕರು. “ತಪ್ಪು ಸಿಕ್ಕಿತೇ?”

ಕಣಗಳು ಹೋಗಿಬರುವ ಒಂದೊಂದು ಬಗೆಗೂ ಒಂದು ಚಿತ್ರ ಬರೆದು, ಎಲ್ಲವನ್ನೂ ಕೂಡುವುದು ಈ ವಿದ್ಯೆಯ ಪದ್ಧತಿ.

“ಸಿಕ್ಕಿತು. ಒಂದು ಚಿತ್ರ ಹೆಚ್ಚಾಗಿತ್ತು. ಅದು ಇನ್ನೊಂದರಲ್ಲೇ ಅಡಗಿದೆ ಅನ್ನಿಸಿತು. ತೆಗೆದುಹಾಕಿದೆ.”

“ಆಮೇಲೆ?”

“ನಿಮ್ಮ ಉತ್ತರ ಬಂತು.”

“ಆಮೇಲೆ?”

“ಆಮೇಲೇನು ಗುರುಗಳೇ? ಹುಡುಕೋದು ನಿಲ್ಲಿಸಿದೆ.”

ಗುರುಗಳು ತಟ್ಟೆಗೆ ಕೈ ಚಾಚಿದರು. ಬಾಳೆಹಣ್ಣು ಸುಲಿದು ಅರ್ಧವನ್ನು ಅವಳ ಕೈಗಿಟ್ಟರು.

ಸಂಜೆಯಾಯಿತು. ದಾಕ್ಷಾಯಿಣಿ ಎಂದಿನಂತೆ ದೀಪ ಹಚ್ಚಿ, ತಂಬೂರಿ ಹಿಡಿದು ಗುರುಗಳ ಹಿಂದೆ ಕುಳಿತಳು.

ವಯಸ್ಸಾದ ಮೇಲೆ ಗುರುಗಳ ಧ್ವನಿ ಹಾಡುತ್ತ ಹಾಡುತ್ತ ಕೆಳಗಿಳಿಯುತ್ತಿತ್ತು. ಇಳಿದಾಗ ಅವಳು ಯಾರಿಗೂ ಕಾಣದಂತೆ ಬಿರಡೆ ತಿರುಗಿಸಿ, ತಂತಿಗಳನ್ನು ಒಂದಿಷ್ಟು ಸಡಿಲಿಸುವಳು. ತಂಬೂರಿ ಗುರುಗಳ ಧ್ವನಿಗೆ ಬಂದು ಸೇರುವುದು. ಕೇಳುವವರಿಗೆ ಎಲ್ಲ ಸರಿಯಾಗಿಯೇ ಕೇಳುವುದು. ಅದು ಅವಳು ಸದ್ದಿಲ್ಲದೆ ಮಾಡಿಕೊಂಡು ಬಂದ ಸೇವೆ.

ಅಂದೂ ಬಿರಡೆಗೆ ಕೈ ಹಾಕಿದಳು.

ಗುರುಗಳು ಹಾಡು ನಿಲ್ಲಿಸಿದರು. ಹಿಂದೆ ತಿರುಗಲಿಲ್ಲ.

“ದಾಕ್ಷೀ, ಏನು ಮಾಡ್ತಿದ್ದೀ?”

“ಶ್ರುತಿ ಸೇರಿಸ್ತಿದ್ದೀನಿ ಗುರುಗಳೇ.”

“ಯಾವುದಕ್ಕೆ?”

ಅವಳ ಬೆರಳು ಬಿರಡೆಯ ಮೇಲೇ ನಿಂತಿತು.

“ನಿಮ್ಮ ಧ್ವನಿಗೆ.”

“ಯಾವಾಗಿನಿಂದ ನಡೀತಿದೆ ಇದು?”

“ನಿಮಗೆ ಕೆಮ್ಮು ಹಿಡಿದಿತ್ತಲ್ಲ, ಆ ಮಳೆಗಾಲದಿಂದ.”

“ಹೂಂ. ಅದಕ್ಕೇ ಇತ್ತೀಚೆಗೆ ಇಷ್ಟು ಚೆನ್ನಾಗಿ ಹಾಡ್ತಿದ್ದೆ.”

ತಾಳ ಹಾಕುತ್ತಿದ್ದ ಕಲ್ಲೇಶಿ ನಗು ತಡೆಯಲಾರದೆ ಕೆಮ್ಮಿದ.

“ಮೊದಲಿದ್ದಲ್ಲಿಗೆ ಏರಿಸು ತಾಯಿ.”

ಅವಳು ತಂತಿಗಳನ್ನು ಬಿಗಿದಳು. ಗುರುಗಳು ಮೊದಲಿನಿಂದ ಹಾಡಿದರು. ನಡುವೆ ಧ್ವನಿ ಇಳಿಯಿತು. ತಂಬೂರಿ ಇಳಿಯಲಿಲ್ಲ. ಎರಡರ ನಡುವಿನ ಬಿರುಕು ಪಡಸಾಲೆಯ ತುಂಬ ಕೇಳಿಸಿತು. ದಾಕ್ಷಾಯಿಣಿ ನಾಚಿಕೆಯಿಂದ ತಲೆ ತಗ್ಗಿಸಿದಳು. ನಾಚಿಕೆ ತನಗಾಗಿ ಅಲ್ಲ, ಅವರಿಗಾಗಿ.

ಗುರುಗಳು ಕಿವಿಗೊಟ್ಟು, ಸ್ವರವನ್ನು ಮೆಲ್ಲಮೆಲ್ಲಗೆ ಮೇಲಕ್ಕೆತ್ತಿ, ತಂಬೂರಿಯ ನಾದವನ್ನು ಮುಟ್ಟಿದರು. ಒಂದು ಗಳಿಗೆ ಮುಟ್ಟಿದ್ದು, ಅಷ್ಟೇ. ಮುಖದಲ್ಲಿ ಮಗುವಿನ ಹಿಗ್ಗು.

“ಎಲ್ಲಿ ಇಳಿದೆ ಅಂತ ಗೊತ್ತಾದರೆ ತಾನೇ ಹತ್ತೋದು?” ಎಂದರು.

ಬೆಳಗಾಯಿತು. ದಾಕ್ಷಾಯಿಣಿ ಹೊಳೆಯ ಮೆಟ್ಟಿಲ ಮೇಲೆ ಕುಳಿತು, ತಾನು ತೆಗೆದುಹಾಕಿದ್ದ ಚಿತ್ರವನ್ನು ಮತ್ತೆ ಮುಂದಿಟ್ಟುಕೊಂಡಳು. ಅದು ಇನ್ನೊಂದರಲ್ಲಿ ಅಡಗಿದೆಯೇ ಎಂದು ಎಲ್ಲ ಕಡೆಯಿಂದಲೂ ನೋಡಿದಳು. ಅಡಗಿರಲಿಲ್ಲ. ಅದು ಬೇರೆಯೇ. ಅದನ್ನು ಸೇರಿಸಿದರೆ ಕೂಡುವ ಗುರುತೇ ಸರಿ.

ನೀರಿಗೆ ಬಂದ ಕಲ್ಲೇಶಿ ಅವಳ ಮುಖ ನೋಡಿ ಕೊಡ ಕೆಳಗಿಟ್ಟ. ಅವಳು ಎಲ್ಲ ಹೇಳಿದಳು.

“ಅಂದ್ರೆ ಗುರುಗಳ ಉತ್ತರ ತಪ್ಪು ಅಂತೀಯಾ? ಆ ಕಲ್ಲಿಗೆ ದಿನಾ ಕೈ ಮುಗೀತೀವಲ್ಲೇ.”

“ಗೊತ್ತು ಕಣೋ. ದೀಪ ಹಚ್ಚೋಳು ನಾನೇ.”

“ಹೇಳದೇ ಇದ್ರೆ?”

“ಸಭೇಲಿ ಸುಳ್ಳು ಓದಬೇಕು.”

“ಹೇಳಿದ್ರೆ?”

ಅವಳು ನೀರನ್ನೇ ನೋಡಿದಳು. “ಈ ವಯಸ್ಸಲ್ಲಿ ಅವರ ಹೆಸರು ನಿಂತಿರೋದೇ ಅದರ ಮೇಲೆ.”

ಕಲ್ಲೇಶಿ ಕೊಡ ತುಂಬಿಕೊಂಡು ಎದ್ದ. “ಹೋಗು. ಇವತ್ತು ಉಪ್ಪಿಟ್ಟು. ಅಳೋದಿದ್ರೆ ತಿಂದು ಅಳು.”

ಅವಳು ತಿನ್ನಲಿಲ್ಲ. ನೇರ ಪಡಸಾಲೆಗೆ ಹೋಗಿ ಹಾಳೆಗಳನ್ನು ಗುರುಗಳ ಮುಂದಿಟ್ಟು ನಮಸ್ಕರಿಸಿದಳು.

“ಆ ಚಿತ್ರ ಹೆಚ್ಚಾಗಿರಲಿಲ್ಲ ಗುರುಗಳೇ. ನಿಮ್ಮ ಉತ್ತರ ಬರಲಿ ಅಂತ ತೆಗೆದೆ. ಹಾಗಂತ ನನಗೇ ತಿಳಿಯಲಿಲ್ಲ.”

“ನನ್ನ ಲೆಕ್ಕದಲ್ಲಿ ಅದು ಎಲ್ಲಿದೆ?”

“ನೀವು... ನೀವು ಅದನ್ನು ಬರೆದೇ ಇಲ್ಲ.”

ಗುರುಗಳು ಕನ್ನಡಕ ಹಾಕಿಕೊಂಡರು. ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ನಡೆದರು. ಹೊಸ್ತಿಲಲ್ಲಿದ್ದ ಬಿಸಿಲು ಒಳಗೆ ಬಂದು ಅವರ ಮೊಣಕಾಲು ಮುಟ್ಟಿತು.

“ಹೌದಲ್ಲ,” ಎಂದರು ಕೊನೆಗೆ. “ಇಷ್ಟು ವರ್ಷ ಬಾಗಿಲಲ್ಲೇ ನಿಂತಿದೆ ಪಾಪ. ನಾನು ಒಳಗೆ ಕರೆಯಲೇ ಇಲ್ಲ.”

“ಕ್ಷಮಿಸಿ ಗುರುಗಳೇ.”

“ಯಾರನ್ನು? ತಂತಿ ಬಿಗಿದವಳನ್ನೇ?”

ಅವರು ನೆಲಕ್ಕೆ ಕೈಯೂರಿ ಎದ್ದರು. ವಿಭೂತಿಯ ಬಟ್ಟಲಿಗೆ ನಾಲ್ಕು ಹನಿ ನೀರು ಬಿಟ್ಟು ಕಲಸಿ, ಕಪ್ಪು ಕಲ್ಲಿನ ಮುಂದೆ ಹೋಗಿ ನಿಂತು, ಬಟ್ಟಲನ್ನು ಅವಳತ್ತ ಚಾಚಿದರು.

“ನನ್ನ ಕೈ ನಡುಗತ್ತೆ. ನಿನ್ನ ಕೈಯಿಂದಲೇ ಆಗಲಿ.”

ಅವಳು ಕಲ್ಲಿನ ಹತ್ತಿರಕ್ಕೆ ಬಂದಳು. ಬೆರಳದ್ದಿ, ಕಳೆಯುವ ಗುರುತಿನ ನಡುವೆ ಮೇಲಿಂದ ಕೆಳಕ್ಕೆ ನೆಟ್ಟಗೆ ಒಂದು ಗೆರೆ ಎಳೆದಳು.

ಗುರುಗಳು ಬಹಳ ಹೊತ್ತು ನೋಡಿದರು. ಬಟ್ಟಲಲ್ಲಿ ಉಳಿದ ವಿಭೂತಿಯನ್ನು ಅವಳ ಹಣೆಗೆ ಹಚ್ಚಿ, ಕಲ್ಲಿನತ್ತ ತಿರುಗಿ ಕೈ ಮುಗಿದರು.

“ಅಂದರೆ, ನಾನು ಎಣಿಸಿದ್ದಕ್ಕಿಂತ ಒಂದು ಹನಿ ಹೆಚ್ಚು ಸೆಳೆತವನ್ನೇ ಸ್ವಾಮಿ ಈ ಲೋಕದಲ್ಲಿ ಇಟ್ಟಿದ್ದಾನೆ, ಮಗಳೇ.”