ಸಾಕ್ಷಿ ನಿಂತ ಜಾಗ

“ನನ್ನ ಬರಹದಲ್ಲಿ ನಾನು ಎಷ್ಟಿರಬೇಕು?” ಎಂದು ಇಂದುಧರ ಗುರುಗಳನ್ನು ಕೇಳಿದ.

ಗುರುಗಳಿಗೆ ಗಡ್ಡವಿರಲಿಲ್ಲ, ಆಶ್ರಮವೂ ಇರಲಿಲ್ಲ. ತಮ್ಮ ಬದುಕನ್ನು ಬರೆಯಬೇಕೆಂದು ಹೊರಟವರಿಗೆ ಭಾನುವಾರ ಬೆಳಿಗ್ಗೆ ಗ್ರಂಥಾಲಯದ ಮಹಡಿಯಲ್ಲಿ ಬರವಣಿಗೆ ಹೇಳಿಕೊಡುತ್ತಿದ್ದರು. ರಾಜ್ಯಶಾಸ್ತ್ರದ ಅಧ್ಯಾಪಕನಾದ ಇಂದುಧರನಿಗೆ ಗುರುಗಳೆಂದರೆ ಅಷ್ಟಕ್ಕಷ್ಟೆ. ಗಡ್ಡವಿಲ್ಲ ಎಂಬ ಒಂದೇ ಕಾರಣಕ್ಕೆ ಇವರನ್ನು ಸಹಿಸಿಕೊಂಡಿದ್ದ.

ಅವನು ತನ್ನ ಅಕ್ಕನ ಬಗ್ಗೆ ಒಂದು ಪ್ರಬಂಧ ಬರೆದಿದ್ದ. ಅಕ್ಕ ನೀಲಾಂಬಿಕೆ ಗಂಡನ ಮನೆ ಬಿಟ್ಟು ತವರಿಗೆ ಬಂದಿದ್ದಳು. ಅವಳನ್ನು ವಾಪಸು ಕರೆದೊಯ್ಯಲು ಆ ಕಡೆಯ ಹಿರಿಯರು ಬಂದರು. ಅವಳು ಬಾಗಿಲಿಗೆ ಅಡ್ಡ ನಿಂತು, “ಯಾವಾಗ ಬರ್ತೀಯ ಅಂತ ಎಲ್ಲರೂ ಕೇಳಿದ್ರಿ. ಯಾಕೆ ಬಿಟ್ಟು ಬಂದೆ ಅಂತ ಒಬ್ಬರೂ ಕೇಳಲಿಲ್ಲ. ಚಹಾ ಕುಡಿದು ಹೊರಡಿ” ಎಂದಳು. ಅವರು ಚಹಾ ಕುಡಿಯದೆ ಹೊರಟರು.

ಅಕ್ಕ ಈಗಿಲ್ಲ. ಆ ಮಾತಾದರೂ ಉಳಿಯಲಿ ಎಂಬುದು ಇಂದುಧರನ ಆಸೆ. ಆದರೆ ಓದಿದವರೆಲ್ಲ, “ಚೆನ್ನಾಗಿದೆ, ಸಿನಿಮಾ ಇದ್ದ ಹಾಗಿದೆ” ಎಂದರು. ಒಬ್ಬರೂ ನಂಬಲಿಲ್ಲ. ಅವನ ಹೆಂಡತಿಯೇ, “ನಿಮ್ಮಕ್ಕ ನಿಜವಾಗ್ಲೂ ಹಾಗಂದ್ರಾ?” ಎಂದು ಕೇಳಿದಳು.

ಆ ಪ್ರಬಂಧದಲ್ಲಿ ಇಂದುಧರ ಎಲ್ಲಿಯೂ ಇರಲಿಲ್ಲ. ಅದನ್ನು ಅವನು ವಿನಯ ಎಂದು ಕರೆಯುತ್ತಿದ್ದ. ಸಂಗತಿ ಬೇರೆಯೇ ಇತ್ತು. ಅಕ್ಕ ಬಾಗಿಲಲ್ಲಿ ನಿಂತಿದ್ದಾಗ ಅವನು ಬಚ್ಚಲಲ್ಲಿದ್ದ. ತಲೆಗೆ ಸೀಗೆಪುಡಿ ಹಚ್ಚಿಕೊಂಡು, ಬಚ್ಚಲಿನ ಕದದ ಸಂದಿಯಿಂದ ನೋಡಿದ್ದ. ಟವೆಲ್ ಕೈಗೆ ಸಿಗುವಂತೆಯೇ ಇತ್ತು. ಹೊರಗೆ ಬರಬಹುದಿತ್ತು. ಬಂದಿರಲಿಲ್ಲ. ಇದನ್ನು ಬರೆದರೆ ನಗೆಪಾಟಲಾಗುತ್ತದೆ ಎಂಬ ಭಯ ಒಂದು. ಅಕ್ಕನ ಕತೆಯಲ್ಲಿ ತನ್ನ ತಲೆಯ ನೊರೆಗೇನು ಕೆಲಸ ಎಂಬ ವಾದ ಇನ್ನೊಂದು. ಗುರುಗಳ ಮುಂದೆ ಮಾತ್ರ ಬಚ್ಚಲಿನ ವಿಷಯ ಹೇಳಿದ, ಅದೂ ಪಿಸುದನಿಯಲ್ಲಿ.

ಗುರುಗಳು ಪ್ರಬಂಧವನ್ನು ಪಕ್ಕಕ್ಕಿಟ್ಟು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಓಡುವ ಹೋರಿಯನ್ನು ಕೊಂಬು ಹಿಡಿದು ನಿಲ್ಲಿಸುತ್ತಿದ್ದ. ಆದ್ದರಿಂದ ಊರವರು ಅವನಿಗೆ ದಾರಿ ಬಿಡುತ್ತಿದ್ದರು. ಅವನೂ ದಾರಿಯ ನಡುವೆಯೇ ನಡೆಯುತ್ತಿದ್ದ.

ಆ ಊರಿಗೆ ಕಂಬಳಿ ಮಾರುವ ವ್ಯಾಪಾರಿಯೊಬ್ಬ ಬಂದು ನೆಲೆಸಿದ. ಒಂದು ದಿನ ಗೌಡನ ಕಣದಲ್ಲಿದ್ದ ಹುಲ್ಲಿನ ಬಣವೆ ಹೊತ್ತಿ ಉರಿದುಹೋಯಿತು. ಊರಿನಲ್ಲಿ ಹೊರಗಿನವನು ಒಬ್ಬನೇ ಇದ್ದದ್ದರಿಂದ ತಪ್ಪು ಯಾರದೆಂದು ಹುಡುಕುವ ಕಷ್ಟ ಬರಲಿಲ್ಲ. ಮಾರನೆಯ ದಿನ ಪಂಚಾಯಿತಿ ಸೇರಿತು. ವ್ಯಾಪಾರಿ ಊರು ಬಿಡಬೇಕು ಎಂಬ ಮಾತು ಬಂತು.

ರೈತ ಎದ್ದು ನಿಂತ. ಬೆಂಕಿಗೆ ಕಾರಣ ವ್ಯಾಪಾರಿಯಲ್ಲ, ಗೌಡನ ಮಗ, ಬಣವೆಯ ಮಗ್ಗುಲಲ್ಲಿ ಕೂತು ಬೀಡಿ ಸೇದಿ, ಆರಿಸದೆ ಎಸೆದು ಹೋದ ಎಂದ. ಗಾಳಿ ಯಾವ ಕಡೆಗಿತ್ತು, ಉರಿ ಮೊದಲು ಎಲ್ಲಿ ಕಾಣಿಸಿತು, ಎಲ್ಲವನ್ನೂ ಹೇಳಿದ. ಎಲ್ಲವೂ ನಿಜವಾಗಿತ್ತು. ಕಳೆಗಟ್ಟಲೆಂದು ಸತ್ಯ, ನ್ಯಾಯ ಎಂಬ ಮಾತುಗಳನ್ನೂ ಸೇರಿಸಿದ.

ಹಿರಿಯನೊಬ್ಬ ಕೇಳಿದ: “ಕಣದ ಸುತ್ತ ಎರಡಾಳೆತ್ತರ ಗೋಡೆ ಐತಲ್ಲಪ್ಪ. ನಿನಗೆ ಹೆಂಗೆ ಕಾಣ್ತು?”

“ಕಂಡೆ.”

“ಎಲ್ಲಿಂದ?”

“ಕಂಡೆ ಅಂದ್ನಲ್ಲ!”

“ಎಷ್ಟು ಕಂಬಳಿ ಕೊಟ್ಟನೋ ನಿನಗೆ?” ಎಂದು ಹಿಂದಿನಿಂದ ಯಾರೋ ಕೂಗಿದರು. ಅಲ್ಲಿಗೆ ಸಾಕ್ಷಿ ಮುಗಿಯಿತು.

ವ್ಯಾಪಾರಿ ಕತ್ತೆಯ ಮೇಲೆ ಕಂಬಳಿಗಳನ್ನು ಹೇರತೊಡಗಿದ. ರೈತ ಹೋಗಿ ಪಕ್ಕದಲ್ಲಿ ನಿಂತು, “ನಾನು ಹೇಳಿದ್ದೆಲ್ಲ ದಿಟ” ಎಂದ.

“ನನಗೆ ಗೊತ್ತು” ಎಂದ ವ್ಯಾಪಾರಿ, ಹಗ್ಗ ಬಿಗಿಯುತ್ತಲೇ. “ನಾನು ಹಚ್ಚಿಲ್ಲವಲ್ಲ, ಅದಕ್ಕೆ ಗೊತ್ತು. ಊರಿಗೆ ಹೆಂಗೆ ಗೊತ್ತಾಗಬೇಕಣ್ಣ?”

ರೈತ ಪಂಚಾಯಿತಿ ಕಟ್ಟೆಗೆ ಮರಳಿದ. ಜನ ಇನ್ನೂ ಎದ್ದಿರಲಿಲ್ಲ. ಈ ಸಲ ಅವನು ದನಿ ಎತ್ತಲಿಲ್ಲ.

“ನಾನು ಕಣದ ಹೊರಗಿನ ಬೇವಿನ ಮರದ ಮೇಲಿದ್ದೆ” ಎಂದ.

“ಅಲ್ಲಿಗ್ಯಾಕೆ ಹತ್ತಿದ್ದೆ?”

“ಟಗರು ಅಟ್ಟಿಸಿಕೊಂಡು ಬಂತು.”

ಕಟ್ಟೆಯ ಮೇಲೆ ಒಬ್ಬ ನಕ್ಕ. ಅವನ ಹಿಂದೆ ಊರೇ ನಕ್ಕಿತು.

“ಹೋರಿ ಹಿಡಿಯೋ ಧಣಿ, ಟಗರಿಗೆ ಹೆದರಿ ಮರ ಹತ್ತಿದ್ಯಾ? ಕೆಳಗೆ ಹೆಂಗೆ ಇಳಿದೆಯೋ ಮಾರಾಯ?”

“ಟಗರಿಗೇ ಬೇಜಾರಾಗಿ ಹೊರಟೋಯ್ತು. ಅಲ್ಲೀವರೆಗೂ ಕಣ ನೋಡ್ಕೊಂಡು ಕೂತಿದ್ದೆ. ಮತ್ತಿನ್ನೇನು ಮಾಡ್ಲಿ?”

ಹೆಂಗಸೊಬ್ಬಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, “ಹೌದ್ರಪ್ಪೋ, ನಿನ್ನೆ ಅದು ಹಗ್ಗ ಕಿತ್ಕೊಂಡು ನನ್ನನ್ನೂ ಓಡಿಸ್ತು. ನಾನೂ ಯಾರಿಗೂ ಹೇಳಿಲ್ಲ” ಎಂದಳು. ಹಿರಿಯರು ಹೋಗಿ ಮರ ನೋಡಿದರು. ಒಬ್ಬನನ್ನು ಮರ ಹತ್ತಿಸಿದರು. ಆ ಕೊಂಬೆಯಿಂದ ಕಣದ ಮೂಲೆಮೂಲೆಯೂ ಕಾಣುತ್ತಿತ್ತು. ಊರಿಗೆ ಊರೇ ನಗುವಾಗ ಗೌಡನ ಮಗ ಮಾತ್ರ ನಕ್ಕಿರಲಿಲ್ಲ. ಅದೂ ಜನರ ಕಣ್ಣಿಗೆ ಬಿದ್ದಿತ್ತು.

ಹೇರಿದ ಕಂಬಳಿಗಳು ಕೆಳಗಿಳಿದವು. ಎಲ್ಲರಿಗಿಂತ ಮೊದಲು ಕತ್ತೆಗೆ ಸಮಾಧಾನವಾಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಇಂದುಧರ ಅಷ್ಟು ಸುಲಭಕ್ಕೆ ಒಪ್ಪುವವನಲ್ಲ.

“ಆದರೆ ಸರ್, ಟಗರು ಬಂದ ಮೇಲೆ ಕತೆ ರೈತನದ್ದಾಯಿತಲ್ಲ. ವ್ಯಾಪಾರಿಯನ್ನು ಕೇಳೋರ್ಯಾರು? ನನ್ನ ನೊರೆ ಒಳಗೆ ಬಂದರೆ ನಮ್ಮಕ್ಕ ಮೂಲೆಗೆ ಹೋಗಲ್ವಾ?”

“ನಕ್ಕಿದ್ದು ರೈತನನ್ನು ನೋಡಿ, ಇಂದುಧರ, ಊರಲ್ಲಿ ಉಳಿದದ್ದು ವ್ಯಾಪಾರಿ.”

ಇಂದುಧರ ಪ್ರಬಂಧವನ್ನು ತನ್ನತ್ತ ಎಳೆದುಕೊಂಡ. ಮೊದಲ ಸಾಲಿನ ಮೇಲೆ, “ನಾನು ಬಚ್ಚಲಲ್ಲಿದ್ದೆ” ಎಂದು ಬರೆದ.